ಮೂರನೇ ಮಹಡಿಯ ಗುಟ್ಟು: ಜೆಫ್ರಿ ಶ್ಮಾಲ್ಜ್ ಪ್ರಕರಣ

ಜೆಫ್ರಿ ಶ್ಮಾಲ್ಜ್ ಅವರ ಗುಟ್ಟನ್ನು ಕಚೇರಿಯ ಎದುರು ಬಯಲು ಮಾಡಿದ್ದು ಅವರ ಬಾಯಲ್ಲ, ಅವರ ಮೈ.

1990ರ ಡಿಸೆಂಬರ್ 21, ಶುಕ್ರವಾರ. ನ್ಯೂಯಾರ್ಕಿನ ಪಶ್ಚಿಮ 43ನೇ ಬೀದಿಯಲ್ಲಿ ಆಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಚೇರಿ. ಮೂರನೇ ಮಹಡಿಯಲ್ಲಿ ನ್ಯೂಸ್‌ರೂಮ್. ಶ್ಮಾಲ್ಜ್ ಅಲ್ಲಿ ರಾಷ್ಟ್ರೀಯ ವಿಭಾಗದ ಡೆಪ್ಯುಟಿ ಎಡಿಟರ್. ವಯಸ್ಸು ಇನ್ನೂ 40 ಆಗಿರಲಿಲ್ಲ. ಕೆಲಸ ಮಾಡುತ್ತಿದ್ದ ಹಾಗೇ ಫಿಟ್ಸ್ ಬಂತು. ಕೆಳಗೆ ಬಿದ್ದು ಒದ್ದಾಡಿದರು. ಸುತ್ತಲಿನ ಮೇಜುಗಳವರೆಲ್ಲ ಎದ್ದು ಬಂದರು. ಆಸ್ಪತ್ರೆ, ಪರೀಕ್ಷೆ, ಮತ್ತೆ ಪರೀಕ್ಷೆ. ಕೊನೆಗೆ ಗೊತ್ತಾಗಿದ್ದು ಏಡ್ಸ್. ಅದೂ ಮೊದಲ ಹಂತದ್ದಲ್ಲ. ಮೆದುಳಿಗೆ ಸೋಂಕು ತಗುಲಿತ್ತು. ಮೈಯನ್ನು ಕಾಯುವ ಟಿ-ಕೋಶಗಳು ಬೆರಳಲ್ಲಿ ಎಣಿಸುವಷ್ಟು ಉಳಿದಿದ್ದವು.

ಅವರು ಸಲಿಂಗಿ ಎಂಬುದು ಹತ್ತಿರದ ಗೆಳೆಯರಿಗೆ, ಕೆಲವು ಸಹೋದ್ಯೋಗಿಗಳಿಗೆ ಗೊತ್ತಿತ್ತು. ಮೇಲಿನವರ ಎದುರು ಅದು ಮುಚ್ಚಿಟ್ಟ ವಿಷಯ. ಆ ಶುಕ್ರವಾರದ ನಂತರ ಮುಚ್ಚಿಡಲು ಏನೂ ಉಳಿಯಲಿಲ್ಲ. ಆಗಿನ ಅಮೆರಿಕದಲ್ಲಿ ಅವರ ವಯಸ್ಸಿನ ಒಬ್ಬ ಒಂಟಿ ಗಂಡಸಿಗೆ ಏಡ್ಸ್ ಎಂದರೆ ಜನ ಎರಡನೇ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಎಲ್‌ಜಿಬಿಟಿಕ್ಯೂ ಪತ್ರಕರ್ತರ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಮೊದಲಿಗರ ಕಥೆ ಹೇಳುತ್ತೇವೆ. ಮೊದಲ ಆ್ಯಂಕರ್, ಮೊದಲ ರೇಡಿಯೊ ಜಾಕಿ, ಹೀಗೆ. ಅಂಥವರ ಕಥೆಯಲ್ಲಿ ಬಾಗಿಲು ತೆರೆಯುತ್ತದೆ, ಫೋಟೊ ಬರುತ್ತದೆ, ಕಥೆ ಮುಗಿಯುತ್ತದೆ. ಶ್ಮಾಲ್ಜ್ ಯಾವುದರಲ್ಲೂ ಮೊದಲಿಗರಲ್ಲ. ಅದಕ್ಕೇ ಅವರ ಪ್ರಕರಣ ನನ್ನನ್ನು ಹಿಡಿದಿಟ್ಟುಕೊಂಡಿದೆ. ಒಂದು ದೊಡ್ಡ ಪತ್ರಿಕೆಯಲ್ಲಿ ಒಬ್ಬ ಮನುಷ್ಯ ಬಚ್ಚಿಟ್ಟುಕೊಂಡು ಕೆಲಸ ಮಾಡಿದರೆ ಅವನಿಗಾಗುವ ನಷ್ಟ ಸರಿ, ಪತ್ರಿಕೆಗೆ ಮತ್ತು ಅದನ್ನು ಓದುವವರಿಗೆ ಏನು ನಷ್ಟ? ಇದಕ್ಕೆ ಅಂದಾಜಿನ ಉತ್ತರ ಸಿಗುವುದು ಇಂಥ ಕಡೆ. ಏಕೆಂದರೆ ಇಲ್ಲಿ ಒಬ್ಬರೇ ಮನುಷ್ಯ ಎರಡೂ ರೀತಿ ಕೆಲಸ ಮಾಡಿದ್ದಾರೆ, ಒಂದೇ ಪತ್ರಿಕೆಯಲ್ಲಿ.

ಒಂದು ಪದದ ಕಥೆ

ಶ್ಮಾಲ್ಜ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಟೈಮ್ಸ್ ಸೇರಿದರು. ಕಾಪಿ ಬಾಯ್ ಕೆಲಸ. ಅಂದರೆ ಬರೆದ ಹಾಳೆಗಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಒಯ್ಯುವ ಹುಡುಗ. ಅಲ್ಲಿಂದ ಕಾಪಿ ತಿದ್ದುವ ಮೇಜು, ವರದಿಗಾರಿಕೆ, ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಬ್ಯೂರೋ ಮುಖ್ಯಸ್ಥ, ಆಮೇಲೆ ಮಯಾಮಿಯಲ್ಲಿ ಬ್ಯೂರೋ ಮುಖ್ಯಸ್ಥ. ಬೇರೆ ಯಾವ ಪತ್ರಿಕೆಯ ಮುಖವನ್ನೂ ನೋಡದೆ ಬೆಳೆದವರು. ಆ ಕಟ್ಟಡವೇ ಅವರಿಗೆ ಮನೆ.

ಆ ಮನೆಯ ಹಿರಿಯ ಎ.ಎಂ. ರೋಸೆಂಥಾಲ್. 1986ರವರೆಗೆ ನ್ಯೂಸ್‌ರೂಮಿನಲ್ಲಿ ಅವರ ಮಾತೇ ಕೊನೆಯ ಮಾತು. ಭಾರತದಿಂದಲೂ ವರದಿ ಮಾಡಿದ್ದವರು, ಪುಲಿಟ್ಜರ್ ಗೆದ್ದವರು, ಪತ್ರಕರ್ತರಾಗಿ ಸಣ್ಣ ಆಳಲ್ಲ. ಆದರೆ ಸಲಿಂಗಿ ಅಂತ ಅವರಿಗೆ ಗೊತ್ತಾದರೆ ಬಡ್ತಿ ಅಲ್ಲಿಗೇ ನಿಂತಿತು ಎಂಬ ಭಯ ಅವರ ಕಾಲದ ಸಿಬ್ಬಂದಿಯಲ್ಲಿ ಆಳವಾಗಿ ಕೂತಿತ್ತು. ಎಷ್ಟೋ ಜನ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ್ದಾರೆ. ಗೋಡೆಯ ಮೇಲೆ ಯಾರೂ ನಿಯಮ ಬರೆದು ಅಂಟಿಸಿರಲಿಲ್ಲ. ಅಂಟಿಸಬೇಕಾಗಿಯೂ ಇರಲಿಲ್ಲ.

ಬರೆದಿಟ್ಟ ನಿಯಮ ಇದ್ದದ್ದು ಒಂದು ಪದದ ಬಗ್ಗೆ. 1975ರ ಏಪ್ರಿಲ್‌ನಲ್ಲಿ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಸಲಿಂಗಿಗಳ ಹಡಗು ಪ್ರವಾಸದ ಮೇಲೆ ಒಂದು ಲೇಖನ ಬಂತು. ಮಾಲೀಕರ ಮನೆಯಲ್ಲಿ ಅದು ರುಚಿಸಲಿಲ್ಲ. ಮುಂದೆ ಪತ್ರಿಕೆಯ ಶೈಲಿ ಕೈಪಿಡಿಯಲ್ಲಿ ಒಂದು ಸಾಲು ಸೇರಿತು: ಸಂಘಟನೆಯ ಹೆಸರಿನಲ್ಲಿ ಇದ್ದರೆ ಅಥವಾ ಯಾರಾದರೂ ಆಡಿದ ಮಾತಿನಲ್ಲಿ ಇದ್ದರೆ ಮಾತ್ರ 'ಗೇ' ಪದ ಬಳಸಬಹುದು, ಪತ್ರಿಕೆ ತಾನಾಗಿ ಬಳಸುವಂತಿಲ್ಲ. ಈ ನಿಷೇಧ ಹೋಗಿದ್ದು 1987ರ ಬೇಸಗೆಯಲ್ಲಿ, ಮ್ಯಾಕ್ಸ್ ಫ್ರಾಂಕೆಲ್ ಸಂಪಾದಕರಾಗಿ ಬಂದ ಮೇಲೆ. ಆ ಹೊತ್ತಿಗೆ ಏಡ್ಸ್‌ನಿಂದ ಸತ್ತ ಸಾವಿರಾರು ಸಲಿಂಗಿಗಳನ್ನು ನ್ಯೂಯಾರ್ಕ್ ಮಣ್ಣು ಮಾಡಿಯಾಗಿತ್ತು.

ಇದನ್ನು ಓದುವಾಗ ನನಗೆ ನಮ್ಮ ಮೇಜು ನೆನಪಾಗುತ್ತದೆ. ಕೆಲ ವರ್ಷ ನಾನೂ ಕನ್ನಡ ಡೆಸ್ಕ್‌ನಲ್ಲಿ ಕೂತವನು. 'ಸಲಿಂಗಕಾಮಿ' ಎಂದು ಬರೆಯುವುದೋ, 'ಸಲಿಂಗಿ' ಎಂದೋ, 'ಸಲಿಂಗ ಪ್ರೇಮಿ' ಎಂದೋ ಎಂದು ರಾತ್ರಿ ಪುಟ ಕಟ್ಟುವ ಹೊತ್ತಿನಲ್ಲಿ ಜಗಳ ಆಗಿದ್ದುಂಟು. ಮೊದಲನೇ ಪದದೊಳಗೆ ಒಂದು 'ಕಾಮ' ಕೂತಿದೆ. ಮಿಕ್ಕವರನ್ನು ನಾವು ಯಾರೂ 'ವಿಲಿಂಗಕಾಮಿ ಶಾಸಕರು' ಎಂದು ಕರೆಯುವುದಿಲ್ಲ, ಅಲ್ವಾ? ಕಾಲಂ ಅಗಲ ಕಮ್ಮಿ ಎಂಬ ಕಾರಣಕ್ಕೆ ಒಂದು ದಿನ 'ಸಲಿಂಗಿ' ಗೆದ್ದಿತು. ಪದಗಳ ಹಣೆಬರಹ ಹೀಗೂ ತೀರ್ಮಾನ ಆಗುತ್ತದೆ.

ಟೈಮ್ಸ್‌ಗೆ ಹಿಂದಿರುಗೋಣ. ಏಡ್ಸ್ ಬಗ್ಗೆ ಆ ಪತ್ರಿಕೆಯ ಮೊದಲ ವರದಿ 1981ರ ಜುಲೈ 3ರಂದು ಬಂತು. 41 ಸಲಿಂಗಿ ಗಂಡಸರಲ್ಲಿ ಅಪರೂಪದ ಕ್ಯಾನ್ಸರ್ ಎಂಬ ಸುದ್ದಿ, 20ನೇ ಪುಟದಲ್ಲಿ. ಪತ್ರಿಕೆಯ ಮುಖಪುಟಕ್ಕೆ ಈ ಕಾಯಿಲೆ ಬಂದದ್ದು 1983ರ ಮೇ 25ಕ್ಕೆ. ಆ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಸಾವುಗಳು 558. ನಡುವೆ 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ಸುತ್ತ ಯಾರೋ ಟೈಲೆನಾಲ್ ಎಂಬ ನೋವಿನ ಔಷಧಿಯ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ಬೆರೆಸಿದ್ದರು. ಸತ್ತವರು 7 ಜನ. ಭಯಾನಕ ಸುದ್ದಿಯೇ. ಅಕ್ಟೋಬರ್ ಪೂರ್ತಿ ಟೈಮ್ಸ್ ದಿನಕ್ಕೊಂದು ವರದಿ ಕೊಟ್ಟಿತು. ಏಡ್ಸ್‌ನಿಂದ ಅಷ್ಟರಲ್ಲಿ ನೂರಾರು ಜನ ಸತ್ತಿದ್ದರು, ಅದರ ಮೇಲೆ ಬಂದ ವರದಿಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಈ ಹೋಲಿಕೆಯನ್ನು ಎತ್ತಿ ತೋರಿಸಿದವರಲ್ಲಿ ಒಬ್ಬರು ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್‌ನ ರ‍್ಯಾಂಡಿ ಶಿಲ್ಟ್ಸ್. ಅವರು ಸಲಿಂಗಿ ಎಂಬುದು 1981ರಲ್ಲಿ ಆ ಪತ್ರಿಕೆ ಕೆಲಸ ಕೊಡುವಾಗಲೇ ಎಲ್ಲರಿಗೂ ಗೊತ್ತಿತ್ತು. ಅವರು ಮೊದಲಿನಿಂದ ಈ ಸುದ್ದಿಯ ಬೆನ್ನು ಬಿಡಲಿಲ್ಲ.

ಟೈಮ್ಸ್‌ನಲ್ಲಿ ಸಲಿಂಗಿ ಸಿಬ್ಬಂದಿ ಇರಲಿಲ್ಲವೇ? ಬೇಕಾದಷ್ಟು ಇದ್ದರು. ಅವರ ಗೆಳೆಯರು ಸಾಯುತ್ತಿದ್ದರು. ವಾರಕ್ಕೊಂದು ಶವಸಂಸ್ಕಾರಕ್ಕೆ ಹೋಗಿ ಬರುತ್ತಿದ್ದವರು ಸೋಮವಾರ ಬೆಳಿಗ್ಗೆ ಸುದ್ದಿ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದರು. ಯಾಕೆಂದರೆ, "ಇದು ದೊಡ್ಡ ಸುದ್ದಿ" ಎಂದು ಹೇಳಿದರೆ ಮುಂದಿನ ಪ್ರಶ್ನೆ, "ನಿನಗೆ ಹೇಗೆ ಗೊತ್ತು?" ವರದಿಗಾರನಿಗೆ ಮೂಲ ಎನ್ನುವುದು ಬಂಡವಾಳ. ಇವರ ಮೂಲ ಇವರ ಬದುಕೇ ಆಗಿತ್ತು, ಅದನ್ನು ತೋರಿಸುವಂತಿರಲಿಲ್ಲ. ಏಡ್ಸ್ ವರದಿ ತಡವಾದದ್ದಕ್ಕೆ ಇದೊಂದೇ ಕಾರಣ ಎನ್ನಲಾರೆ. ಆದರೆ ಮನೆಯೊಳಗೇ ಸುದ್ದಿ ತಿಳಿದವರು ಇದ್ದೂ ಪತ್ರಿಕೆ ಕುರುಡಾಗಿದ್ದು ಹೇಗೆ ಎಂದು ಕೇಳಿದರೆ, ನನಗೆ ಕಾಣುವ ಮೊದಲ ಕಾರಣ ಇದೇ.

ಬಚ್ಚಿಟ್ಟುಕೊಂಡವರ ಲೆಕ್ಕ

ಶ್ಮಾಲ್ಜ್ ಕುಸಿದು ಬೀಳುವ ಎಂಟು ತಿಂಗಳ ಮೊದಲು ಅಮೆರಿಕದ ಪತ್ರಿಕಾ ಸಂಪಾದಕರ ವಾರ್ಷಿಕ ಸಮಾವೇಶ ವಾಷಿಂಗ್ಟನ್‌ನಲ್ಲಿ ನಡೆದಿತ್ತು. ಓಕ್‌ಲ್ಯಾಂಡ್ ಟ್ರಿಬ್ಯೂನ್‌ನ ಲಿರಾಯ್ ಆ್ಯರನ್ಸ್ ವೇದಿಕೆಯ ಮೇಲಿದ್ದರು. ನ್ಯೂಸ್‌ರೂಮುಗಳಲ್ಲಿ ಸಲಿಂಗಿ ಪತ್ರಕರ್ತರ ಸ್ಥಿತಿ ಹೇಗಿದೆ ಎಂದು ಒಂದು ಸಮೀಕ್ಷೆ ಮಾಡಲು ಸಂಪಾದಕರ ಸಂಘವೇ ಅವರಿಗೆ ಹೇಳಿತ್ತು. 205 ಜನ ಉತ್ತರ ಕಳಿಸಿದ್ದರು. ಅದನ್ನು ಮಂಡಿಸುತ್ತಾ ಆ್ಯರನ್ಸ್ ತಾವೂ ಸಲಿಂಗಿ ಎಂದು ದೇಶದ ಸಂಪಾದಕರ ಎದುರೇ ಹೇಳಿಬಿಟ್ಟರು. ಅದೇ ವರ್ಷ ಅವರ ಮನೆಯಲ್ಲಿ ಕೆಲವೇ ಜನ ಕೂತು ಸಲಿಂಗಿ ಪತ್ರಕರ್ತರ ರಾಷ್ಟ್ರೀಯ ಸಂಘ ಕಟ್ಟಿದರು. ಇಂದಿಗೂ ಅದು ಇದೆ.

ಶ್ಮಾಲ್ಜ್ ಆ ಹಾದಿ ಹಿಡಿಯಲಿಲ್ಲ. ಗಾಳಿ ಬದಲಾಗಿತ್ತು, ನಿಜ. ಫ್ರಾಂಕೆಲ್ ಬಂದು ನಾಲ್ಕು ವರ್ಷ ಆಗಿತ್ತು. ಮಾಲೀಕರ ಮಗ ಆರ್ಥರ್ ಸುಲ್ಜ್‌ಬರ್ಗರ್ ಜೂನಿಯರ್ ಅಂತೂ 80ರ ದಶಕದ ಮೊದಲಲ್ಲೇ, ನಗರ ವಿಭಾಗದಲ್ಲಿ ಕೆಲಸ ಕಲಿಯುವಾಗ, ಸಲಿಂಗಿ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆದುಕೊಂಡು ಹೋಗಿ, "ನನಗೆ ಗೊತ್ತು, ನನಗೇನೂ ತೊಂದರೆಯಿಲ್ಲ" ಎಂಬ ಅರ್ಥದ ಮಾತಾಡಿದ್ದರು. ಇಷ್ಟಾದರೂ ಶ್ಮಾಲ್ಜ್ ಯಾಕೆ ಹೊರಗೆ ಬರಲಿಲ್ಲ?

ನನ್ನ ಉತ್ತರ ಸರಳ. ಗುಟ್ಟು ಇಟ್ಟುಕೊಂಡೇ ಅವರು ಮೇಲೆ ಬಂದಿದ್ದರು. ಗೆದ್ದ ಆಟವನ್ನು ಯಾರೂ ಸುಮ್ನೆ ಬದಲಿಸುವುದಿಲ್ಲ. ಭಯ ಹುಟ್ಟಿಸಿದವರು ಹೋದರೂ ಭಯದಲ್ಲಿ ಕಲಿತ ನಡವಳಿಕೆ ಹೋಗುವುದಿಲ್ಲ. ಬಾಗಿಲು ತೆರೆದಿದೆ ಎಂದು ಆಡಳಿತ ಅಂದುಕೊಂಡಿರುತ್ತದೆ, ಒಳಗಿರುವವನು ಇನ್ನೂ ಚಿಲಕದ ಸದ್ದನ್ನೇ ಕೇಳುತ್ತಿರುತ್ತಾನೆ. ಈಗಿನ ಕಂಪನಿಗಳು ಪ್ರೈಡ್ ತಿಂಗಳು ಎನಿಸಿದ ಜೂನ್‌ನಲ್ಲಿ ಲೋಗೋಗೆ ಕಾಮನಬಿಲ್ಲು ಬಳಿದು, ನಮ್ಮಲ್ಲಿ ಯಾರೂ ಮುಂದೆ ಬರುತ್ತಿಲ್ಲವಲ್ಲ ಎಂದು ಅಚ್ಚರಿಪಡುವುದನ್ನು ನೋಡಿದಾಗ ಇದು ನೆನಪಾಗುತ್ತದೆ.

ಮತ್ತೆ ಕೆಲಸಕ್ಕೆ

ಕಾಯಿಲೆ ಗೊತ್ತಾದ ಮೇಲೆ ಪತ್ರಿಕೆ ಅವರ ಕೈ ಬಿಡಲಿಲ್ಲ. ಬದುಕುವುದೇ ಕಷ್ಟ ಎಂಬಂತಿದ್ದವರು ತಿಂಗಳುಗಟ್ಟಲೆ ಚಿಕಿತ್ಸೆ ಪಡೆದು 1992ರಲ್ಲಿ ಬರೆಯಲು ವಾಪಸ್ ಬಂದರು. ಈ ಸಲ ವಿಷಯವನ್ನು ಅವರೇ ಆರಿಸಿಕೊಂಡರು: ಏಡ್ಸ್, ಮತ್ತು ಸಲಿಂಗಿಗಳ ರಾಜಕೀಯ.

ಅದು ಚುನಾವಣೆಯ ವರ್ಷ. ಅಷ್ಟರಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಇದೆ ಎಂದು ಜಗತ್ತಿಗೆ ಹೇಳಿಯಾಗಿತ್ತು. ಟೆನಿಸ್ ಆಟಗಾರ ಆರ್ಥರ್ ಆ್ಯಶ್ ಹೇಳುವ ಮನಸ್ಸಿಲ್ಲದಿದ್ದರೂ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಒಂದು ಪತ್ರಿಕೆ ಸುಳಿವು ಹಿಡಿದು ವಿಚಾರಿಸಲು ಶುರು ಮಾಡಿತ್ತು. ಜುಲೈನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಬಿಲ್ ಕ್ಲಿಂಟನ್ ತಂಡದ ಬಾಬ್ ಹ್ಯಾಟಾಯ್ ವೇದಿಕೆ ಹತ್ತಿ, ತಾನು ಸಲಿಂಗಿ, ತನಗೆ ಏಡ್ಸ್ ಇದೆ ಎಂದರು. ಆಗಸ್ಟ್‌ನಲ್ಲಿ ಹ್ಯೂಸ್ಟನ್‌ನಲ್ಲಿ ರಿಪಬ್ಲಿಕನ್ ಸಮಾವೇಶ. ಅಲ್ಲಿ ಕಟ್ಟಾ ಸಂಪ್ರದಾಯವಾದಿ ನಾಯಕ ಪ್ಯಾಟ್ ಬುಕ್ಯಾನನ್ ಸಂಸ್ಕೃತಿಯ ಯುದ್ಧ ಸಾರಿದ ಎರಡು ದಿನಕ್ಕೆ, ಅದೇ ವೇದಿಕೆಯ ಮೇಲೆ ಮೇರಿ ಫಿಶರ್ ನಿಂತರು. ಶ್ರೀಮಂತ ರಿಪಬ್ಲಿಕನ್ ಮನೆತನದ ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ, ಗಂಡನಿಂದ ಎಚ್‌ಐವಿ ಬಂದವರು. ಸಭಾಂಗಣ ಮೌನವಾಯಿತು.

ಹ್ಯಾಟಾಯ್, ಫಿಶರ್ ಇಬ್ಬರನ್ನೂ ಸಂದರ್ಶಿಸಿದವರು ಶ್ಮಾಲ್ಜ್. ಸಂದರ್ಶನ ಮಾಡುವವರಿಗೂ ಅದೇ ಕಾಯಿಲೆ ಎಂದು ಎದುರಿಗಿದ್ದವರಿಗೆ ಗೊತ್ತು. ಅಲ್ಲಿಗೆ ಪ್ರಶ್ನೆ ಉತ್ತರದ ಹಳೇ ಲೆಕ್ಕ ತಲೆಕೆಳಗಾಯಿತು. ಔಷಧಿ ಹೇಗೆ ತಡೆದುಕೊಳ್ಳುತ್ತೀರಿ, ರಾತ್ರಿ ಏನು ಯೋಚಿಸುತ್ತೀರಿ ಎಂದು ಇವರು ಕೇಳಿದರೆ, ನೀವು? ಎಂದು ಅವರು ತಿರುಗಿ ಕೇಳಬಹುದಿತ್ತು. ಬೇರೆ ವರದಿಗಾರರಿಗೆ ಹೇಳದ ಮಾತುಗಳನ್ನು ಜನ ಇವರಿಗೆ ಹೇಳಿದರು. ಅಕ್ಟೋಬರ್‌ನಲ್ಲಿ ಪತ್ರಿಕೆಯ ಭಾನುವಾರದ ಮ್ಯಾಗಜೀನ್‌ನಲ್ಲಿ ಸಲಿಂಗಿಗಳ ರಾಜಕೀಯ ಮುಖ್ಯವಾಹಿನಿಗೆ ಬರುತ್ತಿರುವುದರ ಬಗ್ಗೆ ಅವರ ದೊಡ್ಡ ಲೇಖನ ಬಂತು. ಐದು ವರ್ಷದ ಹಿಂದೆ 'ಗೇ' ಎಂದು ಬರೆಯಲು ಬಿಡದಿದ್ದ ಪತ್ರಿಕೆ ಇದು. ಈಗ ಅದೇ ಪದ ಮ್ಯಾಗಜೀನ್ ಲೇಖನದ ತಲೆಬರಹದಲ್ಲಿತ್ತು.

ಡಿಸೆಂಬರ್ 20ರಂದು, ಕುಸಿದು ಬಿದ್ದು ಎರಡು ವರ್ಷ ತುಂಬುವ ಹಿಂದಿನ ದಿನ, ಅವರು ತಮ್ಮ ಬಗ್ಗೆಯೇ ಬರೆದರು. ಆ ಲೇಖನದಲ್ಲಿ ಕಣ್ಣೀರಿಗಿಂತ ಜಾಸ್ತಿ ಇರುವುದು ಕಸುಬಿನ ಚರ್ಚೆ. ನಾನು ವರದಿಗಾರನೋ ಅಥವಾ ಏಡ್ಸ್ ಇರುವ ಸಲಿಂಗಿಯೋ? ಎರಡೂ ಆಗಿದ್ದು ಬರೆಯಬಹುದೇ? ಈಗ ಜಗತ್ತನ್ನು ಈ ಕಾಯಿಲೆಯ ಗಾಜಿನ ಮೂಲಕವೇ ನೋಡುತ್ತಿದ್ದೇನೆ ಎಂದು ಅವರು ಒಪ್ಪಿಕೊಂಡರು. ತಮಗೆ ಎರಡು ಋಣ ಇದೆ ಎಂದರು. ಕಾಯಿಲೆಯವರ ಬಗ್ಗೆ ಬರೆಯುವ ಋಣ ಒಂದು, ಬೇರೆ ಯಾರೂ ಬರೆಯಲಾಗದ ಹಾಗೆ ಬರೆದು ಪತ್ರಿಕೆಗೆ ಕೊಡುವ ಋಣ ಇನ್ನೊಂದು. ಎಷ್ಟೇ ಜನ ಸುತ್ತ ಇದ್ದರೂ ಈ ಕಾಯಿಲೆಯಲ್ಲಿ ಮನುಷ್ಯ ಒಂಟಿ ಎಂಬ ಮಾತೂ ಅದರಲ್ಲಿದೆ.

ಪಕ್ಷಪಾತದ ಪ್ರಶ್ನೆ

ಇಂಥವರು ಇಂಥ ಸುದ್ದಿ ಬರೆದರೆ ಪಕ್ಷಪಾತ ಆಗುವುದಿಲ್ಲವೇ? ಇದು ಆಗಲೂ ಇದ್ದ ಪ್ರಶ್ನೆ, ಈಗಲೂ ಸಂಪಾದಕರು ಕೇಳುವ ಪ್ರಶ್ನೆ. ಪ್ರಶ್ನೆ ಅಗ್ಗದ್ದೇನಲ್ಲ. ರೈತ ಸಂಘದ ಸದಸ್ಯ ರೈತ ಚಳವಳಿಯ ವರದಿ ಮಾಡಬಹುದೇ ಎಂದು ನಾವೂ ಕೇಳುತ್ತೇವೆ. ಆದರೆ ಪ್ರಶ್ನೆಯನ್ನು ಒಂದೇ ಕಡೆ ತಿರುಗಿಸಿ ಹಿಡಿಯುವುದು ಸರಿಯಲ್ಲ. 1982ರ ಅಕ್ಟೋಬರ್‌ನಲ್ಲಿ ಯಾವ ಸಾವು ಮುಖಪುಟಕ್ಕೆ, ಯಾವುದು ಕಸದ ಬುಟ್ಟಿಗೆ ಎಂದು ತೀರ್ಮಾನಿಸಿದವರಿಗೂ ಒಂದು ನಿಲುವು ಇತ್ತು. ಅದನ್ನು ಯಾರೂ ನಿಲುವು ಎಂದು ಕರೆಯಲಿಲ್ಲ, ಸುದ್ದಿಯ ಅಂದಾಜು ಎಂದು ಕರೆದರು.

ಶ್ಮಾಲ್ಜ್ ಬರೆದದ್ದನ್ನೇ ಅಳತೆಗೆ ಇಡೋಣ. ತಮ್ಮವರನ್ನು ಅವರು ಬಿಟ್ಟುಕೊಡಲಿಲ್ಲ, ಹಾಗಂತ ಮುದ್ದೂ ಮಾಡಲಿಲ್ಲ. ಕ್ಲಿಂಟನ್ ಮಾತು ಕೊಟ್ಟು ಹಿಂದೆ ಸರಿಯುತ್ತಿದ್ದಾರೆ ಎಂದು ಬರೆದರು. ಏಡ್ಸ್ ವಿಷಯದಲ್ಲಿ ಬೀದಿಗಿಳಿದು ಹೋರಾಡಿದ 'ಆ್ಯಕ್ಟ್ ಅಪ್' ಸಂಘಟನೆ ಹಳಿ ತಪ್ಪಿದೆ ಎಂದೂ ಬರೆದರು. ಸಲಿಂಗಿ ಚಳವಳಿಗೇ ಏಡ್ಸ್ ಸಾಕಾಗಿದೆ, ಅದು ಸೈನ್ಯದಲ್ಲಿ ಸೇರುವ ಹಕ್ಕಿನ ಕಡೆ ಹೊರಳಿದೆ ಎಂದರು. ಹೊರಗಿನ ವರದಿಗಾರ ಇದನ್ನು ಬರೆಯಲು ಹಿಂಜರಿಯುತ್ತಿದ್ದ, ಬರೆದಿದ್ದರೆ ಜನ ನಂಬುತ್ತಿರಲಿಲ್ಲ. ಒಳಗಿನವರ ವರದಿಗೆ ಇರುವ ಬಲ ಇದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಎಲ್ಲ ವಿಷಯ ಬಲ್ಲ ಡೆಪ್ಯುಟಿ ಎಡಿಟರ್ 'ಏಡ್ಸ್ ವರದಿಗಾರ' ಆಗಿ ಹೋದರು. ಶ್ಮಾಲ್ಜ್ ಇದನ್ನು ತಾವೇ ಆರಿಸಿಕೊಂಡರು, ಸಮಯ ಕಮ್ಮಿ ಇತ್ತು. ಆದರೆ ಎಷ್ಟೋ ಪತ್ರಕರ್ತರಿಗೆ ಇದು ಆಯ್ಕೆ ಅಲ್ಲ. ನಮ್ಮಲ್ಲೂ ಟ್ರಾನ್ಸ್ ವರದಿಗಾರ್ತಿಯೊಬ್ಬಳು ಕೆಲಸಕ್ಕೆ ಸೇರಿದರೆ ಪ್ರೈಡ್ ಮೆರವಣಿಗೆ ಅವಳ ಪಾಲಿಗೆ, ಬಜೆಟ್ ಅಧಿವೇಶನ ಇನ್ನೊಬ್ಬರ ಪಾಲಿಗೆ. ಕೇರಳದ ಕೈರಳಿ ನ್ಯೂಸ್ 2019ರಲ್ಲಿ ಹೈದಿ ಸಾದಿಯಾ ಎಂಬ ಟ್ರಾನ್ಸ್ ಪತ್ರಕರ್ತೆಗೆ ಮೊದಲ ಕೆಲಸವಾಗಿ ಕೊಟ್ಟದ್ದು ಚಂದ್ರಯಾನ-2ರ ವರದಿ. ಸಣ್ಣ ತೀರ್ಮಾನ, ಆದರೆ ನನಗೆ ತುಂಬ ಹಿಡಿಸಿದ್ದು ಅದೇ. ಗಗನನೌಕೆಗೂ ವರದಿಗಾರ್ತಿಯ ಲಿಂಗಕ್ಕೂ ಏನೂ ಸಂಬಂಧ ಇರಲಿಲ್ಲ.

ಇನ್ನೊಂದು ಮಾತು. ಈ ಪ್ರಕರಣವನ್ನು ಟೈಮ್ಸ್‌ನ ಉದಾರತೆಯ ಕಥೆಯಾಗಿ ಹೇಳುವವರಿದ್ದಾರೆ. ಪತ್ರಿಕೆ ಅವರ ಜೊತೆ ನಿಂತದ್ದು ನಿಜ, ಅದಕ್ಕೆ ಮರ್ಯಾದೆ ಸಲ್ಲಲೇಬೇಕು. ಆದರೆ ಲೆಕ್ಕ ನೋಡಿ. ಕಾಪಿ ಬಾಯ್ ಆಗಿ ಸೇರಿದ ದಿನದಿಂದ ಕುಸಿದು ಬೀಳುವವರೆಗೆ ಸುಮಾರು ಎರಡು ದಶಕ. ಮುಚ್ಚುಮರೆಯಿಲ್ಲದೆ ಬರೆಯಲು ಸಿಕ್ಕಿದ್ದು ಎರಡು ವರ್ಷಕ್ಕಿಂತ ಕಮ್ಮಿ. ಅವರ ಹೆಸರನ್ನು ನಾವು ಇಂದು ಎತ್ತುತ್ತಿರುವುದು ಆ ಕೊನೆಯ ಚೂರಿನಿಂದ. ಮೊದಲಿನ ವರ್ಷಗಳಲ್ಲಿ ಅವರ ಹೆಸರಿನಲ್ಲಿ ಬಂದ ವರದಿಗಳು ಅಚ್ಚುಕಟ್ಟಾಗಿವೆ, ಅಷ್ಟೇ.

ಕೊನೆಯ ಕಾಪಿ

1993ರ ಏಪ್ರಿಲ್‌ನಲ್ಲಿ ಶ್ಮಾಲ್ಜ್ ಕ್ಯಾಲಿಫೋರ್ನಿಯಾದಲ್ಲಿ ರ‍್ಯಾಂಡಿ ಶಿಲ್ಟ್ಸ್ ಅವರನ್ನು ಕಂಡು ಬರೆದರು. ಇಬ್ಬರೂ ಪತ್ರಕರ್ತರು, ಇಬ್ಬರಿಗೂ ಏಡ್ಸ್. ಒಬ್ಬರು ಮೊದಲ ದಿನದಿಂದ ಬಚ್ಚಿಡದೆ ಕೆಲಸ ಮಾಡಿದವರು, ಇನ್ನೊಬ್ಬರು ನೆಲಕ್ಕೆ ಬಿದ್ದ ಮೇಲೆ ಹೊರಗೆ ಬಂದವರು. ಶಿಲ್ಟ್ಸ್ ಮುಂದಿನ ಫೆಬ್ರುವರಿಯಲ್ಲಿ ತೀರಿಕೊಂಡರು, 42ನೇ ವಯಸ್ಸಿಗೆ. ಶ್ಮಾಲ್ಜ್ ಅವರಿಗಿಂತ ಮೊದಲೇ ಹೋದರು. 1993ರ ನವೆಂಬರ್ 6, ವಯಸ್ಸು 39. ಈ ಕಾಯಿಲೆಯನ್ನು ಹಿಡಿದು ನಿಲ್ಲಿಸಿದ ಸಂಯುಕ್ತ ಔಷಧಿಗಳು ಬಳಕೆಗೆ ಬಂದದ್ದು 1996ರಲ್ಲಿ.

ಸಾಯುವಾಗ ಅವರ ಒಂದು ಲೇಖನ ಅಚ್ಚಾಗಬೇಕಿತ್ತು. ನವೆಂಬರ್ 28ರ ಮ್ಯಾಗಜೀನ್‌ನಲ್ಲಿ ಬಂತು. ಏಡ್ಸ್ ಸುದ್ದಿ ಎಲ್ಲಿ ಹೋಯಿತು ಎಂದು ಅದರ ತಲೆಬರಹವೇ ಕೇಳುತ್ತಿತ್ತು. ಜನ ಮೊದಲಿಗಿಂತ ಜಾಸ್ತಿ ಸಾಯುತ್ತಿದ್ದಾರೆ, ಸುದ್ದಿ ಮಾತ್ರ ಕಮ್ಮಿಯಾಗುತ್ತಿದೆ ಎಂಬುದು ಅವರ ದೂರು. ದೂರಿನ ಪಟ್ಟಿಯಲ್ಲಿ ಪತ್ರಕರ್ತರೂ ಇದ್ದರು. ತಾನು ಈ ಕಾಯಿಲೆಯಲ್ಲೇ ಸಾಯುವುದು ಬಹುತೇಕ ಖಚಿತ ಎಂದು ಅವರು ಅದರಲ್ಲಿ ವರ್ತಮಾನ ಕಾಲದಲ್ಲೇ ಬರೆದಿದ್ದರು. ಓದುಗರ ಕೈಗೆ ಅದು ಸಿಕ್ಕಾಗ ಅವರು ಹೋಗಿ 22 ದಿನ ಆಗಿತ್ತು.